ಡ್ರಮ್ಮಿನ ಮೇಲೆ ಮೂರು ಬಡಿತ

ಗುರುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನೀನೂ ಚಿಣ್ಣಿಯೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಿನ್ನ ಅಮ್ಮನ ಸೊಂಟದ ಮೂಳೆ ಕೂಡಿಕೊಂಡಿತೇ? ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೋ, ಇಲ್ಲ ಮಂಚದ ಮೇಲಿಂದಲೇ ಮನೆಯವರನ್ನೆಲ್ಲ ಕುಣಿಸುತ್ತಿದ್ದಾರೋ? ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಈ ವಾರಗಿತ್ತಿ ಅಕ್ಕನಿಗೆ ಒಂದು ಉತ್ತರ ಬರೆಯುವಷ್ಟು ಪುರುಸೊತ್ತಿಲ್ಲವೇ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ಬರೆಯಲು ಕೂತಾಗಲೆಲ್ಲ ಕ್ಷೇಮ ಸಮಾಚಾರ ಮುಗಿದ ಮೇಲೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ಫೋನು ಮಾಡೋಣವೆಂದರೆ ಈ ಮನೆಯಲ್ಲಿರುವುದು ಎರಡು ಫೋನು. ಒಂದು ನಿನ್ನ ಭಾವನ ಜೇಬಿನಲ್ಲಿ, ಇನ್ನೊಂದು ನಿನ್ನ ಗಂಡನ ಜೇಬಿನಲ್ಲಿ. ನನ್ನ ಪಾಲಿಗೆ ಈ ಪೆನ್ನೇ ಗತಿ.

ಇವತ್ತು ಕಸದ ಯಾರ್ಡಿನಲ್ಲಿ ಡ್ರಮ್ಮಿನ ಕೆಳಗಿನ ರೋಲರ್ ಬದಲಾಯಿಸುತ್ತಿದ್ದಾರೆ, ಬೆಲ್ಟಿನಲ್ಲಿ ಕಸ ಆರಿಸುವ ಹೆಂಗಸರಿಗೆಲ್ಲ ರಜೆ. ನಿನ್ನ ಊರಿನ ಕಡೆ ಹೋಗುವ ಲಾರಿ ಡ್ರೈವರ್ ಸಂಜೆ ಬರುತ್ತಾನೆ, ಅವನ ಕೈಗೆ ಕೊಟ್ಟು ಕಳಿಸುತ್ತೇನೆ. ನಾಳೆಯೇ ನಿನ್ನ ಕೈ ಸೇರಬೇಕು.

ಮೊದಲು ಒಂದು ವಿಷಯ. ಓದಿ ಗಾಬರಿಯಾಗಬೇಡ. ನಿನ್ನ ಗಂಡ ಮನೆ ಮೆಟ್ಟಿಲಲ್ಲಿ ಜಾರಿ ಬಿದ್ದೆ ಎಂದು ನಿನಗೆ ಫೋನಿನಲ್ಲಿ ಹೇಳಿದನಲ್ಲ, ಅದು ಸುಳ್ಳು. ಭುಜ ಉಳುಕಿದ್ದೂ ಹಣೆಗೆ ಹೊಲಿಗೆ ಬಿದ್ದದ್ದೂ ನಿಜ. ಆದರೆ ಬಿದ್ದದ್ದು ಮೆಟ್ಟಿಲಲ್ಲಿ ಅಲ್ಲ, ಡ್ರಮ್ಮಿನಲ್ಲಿ. ಅವನು ಒಳಗಿದ್ದಾಗ ಡ್ರಮ್ಮು ತಿರುಗಿತು.

ನೀನು ಯಾರ್ಡಿನ ಗೇಟಿನಲ್ಲೇ ವಾಸನೆಗೆ ವಾಂತಿ ಮಾಡಿಕೊಂಡು ಓಡಿಹೋದವಳು, ಆ ಡ್ರಮ್ಮನ್ನು ಕಣ್ಣಾರೆ ನೋಡಿಲ್ಲ. ಬಸ್ಸಿನಷ್ಟು ಉದ್ದದ ಕಬ್ಬಿಣದ ಕೊಳವೆ, ಮೈತುಂಬ ತೂತು. ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು. ಊರಿನ ಕಸವನ್ನೆಲ್ಲ ಮೇಲಿನ ಬಾಯಿಗೆ ಸುರಿಯುತ್ತಾರೆ. ಅದು ತಿರುಗುತ್ತಾ ತಿರುಗುತ್ತಾ ಮಣ್ಣು ಮೊದಲು ಉದುರುತ್ತದೆ, ಆಮೇಲೆ ಕಲ್ಲು, ಗಾಜಿನ ಚೂರು. ಉದುರದೆ ಉಳಿದ ದೊಡ್ಡ ಸಾಮಾನು ಕೆಳಗಿನ ಬಾಯಿಯಿಂದ ನಮ್ಮ ಬೆಲ್ಟಿಗೆ ಬರುತ್ತದೆ. ನಾವು ಹೆಂಗಸರು ನಿಂತು ಆರಿಸುತ್ತೇವೆ. ಹಳೇ ಬಟ್ಟೆ, ವೈರು, ಪ್ಲಾಸ್ಟಿಕ್ ಹಗ್ಗ ಎಲ್ಲ ತೂತಿಗೆ ಸಿಕ್ಕಿ ಜಡೆ ಹೆಣೆದ ಹಾಗೆ ಸುತ್ತಿಕೊಂಡುಬಿಡುತ್ತವೆ. ದಿನಾ ಮಧ್ಯಾಹ್ನ ಡ್ರಮ್ಮು ನಿಲ್ಲಿಸಿ ಒಬ್ಬರು ಒಳಗೆ ಹೋಗಿ ಕೊಕ್ಕೆ ಚಾಕುವಿನಿಂದ ಅದನ್ನು ಕೊಯ್ಯಬೇಕು. ಆ ಕೆಲಸಕ್ಕೆ ನಮ್ಮ ಕುಳ್ಳನೇ ಸರಿ. ನಿನ್ನ ಗಂಡನನ್ನು ಕುಳ್ಳ ಎಂದರೆ ನಿನಗೆ ಕೋಪ ಬರುತ್ತದೆ, ಗೊತ್ತು. ನಾನು ಮದುವೆಯಾಗಿ ಬಂದಾಗ ಅವನು ನನ್ನ ಸೊಂಟದಷ್ಟೂ ಇರಲಿಲ್ಲ. ತಾಯಿಯಿಲ್ಲದ ಮಗುವನ್ನು ನಾನೇ ತಲೆಗೆ ನೀರು ಹಾಕಿ ಬೆಳೆಸಿದ್ದು. ನನ್ನ ಹೊಟ್ಟೆಯಲ್ಲಿ ಏನೂ ಹುಟ್ಟಲಿಲ್ಲ. ನನ್ನ ಬಾಯಿಗೆ ಅವನು ಕುಳ್ಳನೇ.

ಯಾರ್ಡಿನಲ್ಲಿ ಒಂದು ಪದ್ಧತಿ ಇದೆ. ಒಳಗೆ ಹೋಗುವವನು ಸ್ವಿಚ್ಚಿನ ಪೆಟ್ಟಿಗೆ ಹತ್ತಿರ ಯಾರು ನಿಲ್ಲಬೇಕೆಂದು ತಾನೇ ಹೇಳಬೇಕು. ತನ್ನವರನ್ನೇ ನಿಲ್ಲಿಸಿಕೊಳ್ಳುತ್ತಾರೆ. ಒಳಗಿನವನು ಆಗಾಗ "ಇದೀಯಾ?" ಅನ್ನುತ್ತಾನೆ, ಹೊರಗಿನವನು "ಇದೀನಿ" ಅನ್ನುತ್ತಾನೆ. ಕೆಲಸ ಮುಗಿದ ಮೇಲೆ ಒಳಗಿನವನು ಹೊರಗೆ ಬಂದು, ಎದುರು ನಿಂತು, ಭುಜ ಮುಟ್ಟಿ "ಹಾಕು" ಎಂದರೆ ಮಾತ್ರ ಹಸಿರು ಗುಂಡಿ ಒತ್ತುವುದು. ಇಷ್ಟು ವರ್ಷ ನಮ್ಮ ಮನೆಯ ಅಣ್ಣತಮ್ಮಂದಿರು ಹೀಗೇ ನಡೆಸಿದರು. ಕುಳ್ಳ ಒಳಗೆ, ಇವರು, ಅಂದರೆ ನಿನ್ನ ಭಾವ, ಹೊರಗೆ. ಒಳಗಿಂದ ಅವನು ಏನೋ ತಮಾಷೆ ಕೂಗುವುದು, ಇವರು ನಗುತ್ತಾ ಬೈಯುವುದು. ಬೆಲ್ಟಿನವರಿಗೆ ಊಟದ ಜೊತೆ ಅದೊಂದು ಮನರಂಜನೆ.

ನೀನು ತವರಿಗೆ ಹೋದ ಮೇಲೆ ಎಲ್ಲಾ ಕೆಟ್ಟಿತು. ಡ್ರಮ್ಮಿನಲ್ಲಿ ಮೇಲೆ ಸಣ್ಣ ತೂತಿನ ತಗಡು, ಕೆಳಗೆ ದೊಡ್ಡ ತೂತಿನದು ಹಾಕಿದರೆ ಮಣ್ಣು ಚೆನ್ನಾಗಿ ಬೇರೆಯಾಗುತ್ತದೆ ಎಂದು ಕುಳ್ಳ ಮ್ಯಾನೇಜರಿಗೆ ಹೇಳಿದ. ಹಾಕಿ ನೋಡಿದರು, ಸರಿಹೋಯಿತು. ಮ್ಯಾನೇಜರ್ ಎಲ್ಲರೆದುರಿಗೆ ಅವನ ಬೆನ್ನು ತಟ್ಟಿ, "ಇನ್ಮೇಲೆ ನೀನೇ ಇಲ್ಲಿ ಮೇಸ್ತ್ರಿ" ಎಂದರು. ನಿನ್ನ ಭಾವ ಅಲ್ಲೇ ನಿಂತಿದ್ದರು. ಆ ಡ್ರಮ್ಮನ್ನು ಬೋಲ್ಟು ಬೋಲ್ಟು ಜೋಡಿಸಿ ನಿಲ್ಲಿಸಿದವರು ಇವರು. ಆದರೂ ಮನೆಗೆ ಬಂದು ಎಂದಿನಂತೆ ಕೈಕಾಲು ತೊಳೆದು ಊಟಕ್ಕೆ ಕೂತರು. ಆಗ ಕುಳ್ಳನ ಬಾಯಿ ಸುಮ್ಮನಿರಬೇಕಲ್ಲ?

"ಅಣ್ಣಾ, ಮೇಸ್ತ್ರಿ ಅಂದ್ಮೇಲೆ ನಾನು ಹೊರಗಡೆ ನಿಲ್ತೀನಿ. ನಾಳೆಯಿಂದ ನೀನು ಒಳಗೆ ಹೋಗು" ಎಂದ. ತಮಾಷೆಗೆ ಎಂದದ್ದು ತಂಗಿ, ಕಣ್ಣಲ್ಲಿ ನಗು ಇತ್ತು, ನಾನು ನೋಡಿದ್ದೇನೆ. ಇವರು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಗಂಡ ಹೆಂಡಿರ ಜಗಳವಾದರೆ ಉಂಡು ಮಲಗುವ ತನಕ. ಇವರದು ಉಂಡರೂ ಮುಗಿಯಲಿಲ್ಲ, ಮಲಗಿ ಎದ್ದರೂ ಮುಗಿಯಲಿಲ್ಲ. ನಡುವೆ ನಾನೊಬ್ಬಳು ಟಪಾಲಿನವಳು. "ಅವನಿಗೆ ಸೋಪು ಎಲ್ಲಿಟ್ಟ ಕೇಳು." "ಅವರಿಗೆ ಕಿಟಕಿ ಮೇಲಿದೆ ಅಂತ ಹೇಳು ಅತ್ತಿಗೆ." ಇಬ್ಬರೂ ಒಂದೇ ಕೋಣೆಯಲ್ಲಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿರುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು.

ನಗು ನಿಂತದ್ದು ಯಾರ್ಡಿನಲ್ಲಿ. ಮಾತಿಲ್ಲ ಎಂದ ಮೇಲೆ "ಇದೀಯಾ, ಇದೀನಿ" ಎಲ್ಲಿಂದ ಬರಬೇಕು? ಭುಜ ಮುಟ್ಟುವುದೂ ನಿಂತಿತು. ಅದಕ್ಕೆ ಬದಲು ಕುಳ್ಳ ಹೊರಗೆ ಬಂದು ಪಾನಾ ತೆಗೆದುಕೊಂಡು ಡ್ರಮ್ಮಿನ ಅಂಚಿಗೆ ಮೂರು ಸಲ ಬಡಿಯುತ್ತಿದ್ದ. ಇವರು ಆ ಕಡೆ ಮುಖ ತಿರುಗಿಸಿಯೇ ಗುಂಡಿ ಒತ್ತುತ್ತಿದ್ದರು. ನಾನು ಊಟದ ಡಬ್ಬಿ ಮುಚ್ಚಿಟ್ಟು ಅತ್ತಲೇ ನೋಡುತ್ತಿದ್ದೆ. ಬೆಲ್ಟಿನವರೂ ಗುಸುಗುಸು ಅಂದರು. ಮ್ಯಾನೇಜರ್ ಬೇರೆ ಒಬ್ಬರನ್ನು ನಿಲ್ಲಿಸುತ್ತೇನೆ ಎಂದದ್ದೂ ಆಯಿತು. ಅದಕ್ಕೆ ನಿನ್ನ ಗಂಡ, "ನಮ್ಮಣ್ಣನ್ನ ಬಿಟ್ಟು ಬೇರೆಯವರ ಕೈಗೆ ನನ್ನ ಜೀವ ಕೊಡಲ್ಲ ಸಾರ್" ಎಂದ. ಇವರೋ, "ನನ್ನ ತಮ್ಮ ಒಳಗಿದ್ದಾಗ ಇನ್ನೊಬ್ಬ ಗುಂಡಿ ಮುಟ್ಟಿದ್ರೆ ಕೈ ಮುರೀತೀನಿ" ಎಂದರು. ಇಷ್ಟು ಪ್ರೀತಿಯ ಮಾತನ್ನು ಇಬ್ಬರೂ ಮ್ಯಾನೇಜರಿಗೆ ಹೇಳಿದರೇ ಹೊರತು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಇಂಥವರಿಗೆ ಏನು ಹೇಳುವುದು ಹೇಳು.

ಅವನು ಬಿದ್ದ ದಿನ ಡ್ರಮ್ಮು ನಿಂತಿತ್ತು, ಎಲ್ಲರೂ ಊಟಕ್ಕೆ ಶೆಡ್ಡಿನ ಆಚೆ ಹೋಗಿದ್ದರು. ನಾನು ಇವರಿಗೆ ನೀರು ಕೊಡೋಣವೆಂದು ಹೋದೆ. ಇವರು ಗುಂಡಿ ಒತ್ತಿದರು. ಮೋಟಾರು ಗುರ್ ಎಂದಿತು, ಡ್ರಮ್ಮು ಹೊರಳಿತು, ಒಳಗಿಂದ ಕುಳ್ಳ "ಅಣ್ಣಾ" ಎಂದು ಚೀರಿದ. ಅಷ್ಟು ದಿನದ ಮೇಲೆ ಅವನ ಬಾಯಿಂದ ಬಂದ ಮೊದಲ ಅಣ್ಣಾ ಅದು. ಇವರು ಕೆಂಪು ಗುಂಡಿಯನ್ನು ಗುದ್ದಿ ನಿಲ್ಲಿಸಿದರು. ಅಷ್ಟರಲ್ಲಿ ಡ್ರಮ್ಮು ಅವನನ್ನು ಗೋಡೆಗುಂಟ ಮೇಲಕ್ಕೆ ಎತ್ತಿ ಕೆಳಗೆ ಕೆಡವಿತ್ತು. ಇನ್ನೊಂದು ಸುತ್ತು ತಿರುಗಿದ್ದರೆ ಏನಾಗುತ್ತಿತ್ತೋ, ಬರೆಯಲು ನನ್ನ ಕೈ ಬರುವುದಿಲ್ಲ.

ಮ್ಯಾನೇಜರ್ ವಿಚಾರಿಸಿದರು. ಇವರು, "ಮೂರು ಸಲ ಬಡಿದದ್ದು ಕೇಳಿಸ್ತು, ಹೊರಗೆ ಬಂದ ಅಂದ್ಕೊಂಡು ಒತ್ತಿದೆ" ಎಂದರು. ಕುಳ್ಳ ಹಣೆಗೆ ಬಟ್ಟೆ ಒತ್ತಿ ಹಿಡಿದುಕೊಂಡೇ, "ನನ್ನ ಚಾಕುವೇ ಕಬ್ಬಿಣಕ್ಕೆ ಬಡಿದಿರ್ಬೇಕು ಸಾರ್. ಅಣ್ಣನ ತಪ್ಪಿಲ್ಲ" ಎಂದ. ನನ್ನನ್ನೂ ಕೇಳಿದರು. ನಾನೂ ಕೇಳಿಸಿತು ಎಂದೆ. ಅಲ್ಲಿಗೆ ಮುಗಿಯಿತು.

ಈಗ ಒಳ್ಳೆ ಸುದ್ದಿ. ಅವತ್ತಿನಿಂದ ಇಬ್ಬರಿಗೂ ಮಾತು ಬಂದಿದೆ. ಇವರು ಅವನನ್ನು ಮಗುವಿನ ಹಾಗೆ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ದಿನಾ ತಾವೇ ಕಲಸಿ ತುತ್ತು ಕೊಡುತ್ತಾರೆ, ತಾವೇ ತಲೆ ಬಾಚುತ್ತಾರೆ. "ಸಾಕು ಬಿಡಣ್ಣ, ನಾನೇನು ಮದುಮಗನಾ?" ಎಂದು ಅವನು ನಗುತ್ತಾನೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವ ಗಾದೆ ನಮ್ಮ ಮನೆಗೆ ಹೊಂದುವುದಿಲ್ಲ ಎಂದು ಬೆಲ್ಟಿನವರು ಹೊಗಳುತ್ತಾರೆ. ಕುಳ್ಳ ಗುಣವಾಗುವ ತನಕ ಮೇಸ್ತ್ರಿ ಕೆಲಸವನ್ನು ಮ್ಯಾನೇಜರ್ ಇವರಿಗೇ ಕೊಟ್ಟಿದ್ದಾರೆ. ಇವರು ಬೆಳಿಗ್ಗೆ ಸಿಳ್ಳೆ ಹಾಕಿಕೊಂಡು ಹೊರಡುತ್ತಾರೆ. ಮದುವೆಯಾದಾಗಿನಿಂದ ಇವರ ಬಾಯಲ್ಲಿ ನಾನು ಸಿಳ್ಳೆ ಕೇಳಿದ್ದಿಲ್ಲ.

ಡಾಕ್ಟರು ಸೋಮವಾರದಿಂದ ಕೆಲಸಕ್ಕೆ ಹೋಗಬಹುದು ಎಂದಿದ್ದಾರೆ. ಅವತ್ತೇ ಮೇಸ್ತ್ರಿ ಪಟ್ಟ ಕುಳ್ಳನಿಗೆ ವಾಪಸ್ಸು. "ಮೇಸ್ತ್ರಿಯಾದ್ರೇನು, ಒಳಗೆ ನಾನೇ ಇಳೀತೀನಿ. ಬೇರೆಯವರಿಗೆ ಆ ಸಿಕ್ಕು ಬಿಡಿಸೋಕೆ ಬರಲ್ಲ" ಅನ್ನುತ್ತಾನೆ. ಇವರು ಅದಕ್ಕೆ, "ಸ್ವಿಚ್ಚಿಗೆ ನಾನಿದೀನಲ್ಲ" ಅನ್ನುತ್ತಾರೆ.

ಚಿಣ್ಣಿಗೆ ಈ ದೊಡ್ಡಮ್ಮನ ಮುತ್ತು. ಬೆಲ್ಟಿನಲ್ಲಿ ಅವಳಿಗೆಂದು ಒಂದು ಮರದ ಕುದುರೆ ಸಿಕ್ಕಿದೆ, ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಿದ್ದೇನೆ. ಒಂದು ಕಿವಿಯಿಲ್ಲ, ಅಷ್ಟೇ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ. ನಿನ್ನ ಕುಂಕುಮ ನೂರು ಕಾಲ ಉಳಿಯಲಿ, ನಿನ್ನ ಸಂಸಾರ ತಣ್ಣಗಿರಲಿ. ಇದನ್ನು ಪತ್ರದ ಕೊನೆಗೆ ಬರೆಯಬೇಕೆಂದು ಬರೆಯುತ್ತಿಲ್ಲ, ಮನಸ್ಸು ಮುಟ್ಟಿ ಬರೆಯುತ್ತಿದ್ದೇನೆ.

ಇಂತಿ ನಿನ್ನ ಅಕ್ಕ

ತಾ.ಕ.: ಪತ್ರ ಮಡಿಚಿ ಇಟ್ಟಿದ್ದೆ. ಮತ್ತೆ ಬಿಚ್ಚಿದೆ. ತಂಗಿ, ಅವತ್ತು ಯಾವ ಬಡಿತವೂ ಕೇಳಿಸಲಿಲ್ಲ. ನಾನು ಇವರ ಬೆನ್ನ ಹಿಂದೆಯೇ ಇದ್ದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನೊಣ ಹಾರುವುದು ಕೂಡ ಕೇಳಿಸುವಷ್ಟು ಸುಮ್ಮನಿತ್ತು. ಒಳಗಿಂದ ಕುಳ್ಳ ಕೆಮ್ಮಿದ. ಒಂದಲ್ಲ, ಎರಡು ಸಲ. ನನಗೆ ಕೇಳಿಸಿತು. ಇವರಿಗೂ ಕೇಳಿಸಿತು, ಏಕೆಂದರೆ ಕೆಮ್ಮಿದ ಕಡೆಗೆ ತಲೆ ತಿರುಗಿಸಿದರು. ಆಮೇಲೆ ಗುಂಡಿ ಒತ್ತಿದರು. ನಾನು ಹಿಂದೆ ಇದ್ದದ್ದು ಇವರಿಗೆ ಗೊತ್ತಿರಲಿಲ್ಲ. ನನ್ನ ಕೈಯಿಂದ ತಂಬಿಗೆ ಬಿದ್ದ ಸದ್ದಿಗೆ ತಿರುಗಿ ನನ್ನ ಮುಖ ನೋಡಿದರು. ಕೆಂಪು ಗುಂಡಿ ಒತ್ತಿದ್ದು ಆಮೇಲೆ.

ಗಂಡನ ಮೇಲೆ ಇಂಥ ಮಾತು ಬರೆಯುವ ಕೈ ಇದ್ದರೆಷ್ಟು ಬಿಟ್ಟರೆಷ್ಟು. ಅದಕ್ಕೇ ಅವತ್ತು ಮ್ಯಾನೇಜರ ಮುಂದೆ ಕೇಳಿಸಿತು ಎಂದು ಹೇಳಿಬಿಟ್ಟೆ. ಕುಳ್ಳನಿಗೆ ಹೇಳಲು ಹೋದರೆ, "ಅತ್ತಿಗೆ, ಅಣ್ಣ ಅಂಥೋನಲ್ಲ. ಆ ಮಾತು ನನ್ ಮುಂದೆ ಬೇಡ" ಎಂದು ಎದ್ದುಹೋದ. ಅವನ ಮುಖ ಬಿಳಿಚಿಕೊಂಡಿತ್ತು. ತಾನು ಏನನ್ನೂ ಬಡಿಯಲಿಲ್ಲ ಎಂದು ಅವನಿಗೂ ಗೊತ್ತು.

ನೀನು ಬರಬೇಡ. ಅವನನ್ನೇ ಅಲ್ಲಿಗೆ ಕರೆಸಿಕೋ, ಸೋಮವಾರದ ಒಳಗೆ. ಅಮ್ಮನಿಗೆ ಜೋರಾಗಿದೆ ಎಂದು ಹೇಳು, ಉಳಿಯುವುದಿಲ್ಲ ಎಂದಾದರೂ ಹೇಳು. ಆ ತಾಯಿಯ ಕಾಲು ಹಿಡಿದು ನಾನು ಕ್ಷಮೆ ಕೇಳಿಕೊಳ್ಳುತ್ತೇನೆ. ಬಂದ ಮೇಲೆ ತಿರುಗಿ ಕಳಿಸಬೇಡ. ನಾನು ಕರೆದರೂ ಕಳಿಸಬೇಡ. ನನ್ನ ಪಕ್ಕದಲ್ಲಿ ಇವರು ನಿಂತು ಕರೆಸುತ್ತಿದ್ದಾರೆ ಎಂದೇ ತಿಳಿದುಕೋ.