ಗುಮಾಸ್ತನ ಕೆಮ್ಮು

ಮನೆಯಿಂದ,
ಮಂಗಳವಾರ, ಮಾರ್ಚ್ ೪

ಮನೆಯ ಯಜಮಾನರಿಗೆ,

ನಿಮ್ಮ ಸೊಂಟನೋವು ಹೇಗಿದೆ? ಆ ಊರಿನ ನೀರು ಹಿಡಿಸಿತೇ? "ಇಲ್ಲಿನ ಬಾಗಿಲುಗಳ ಪಾಲಿಶ್ ಕೆಲಸ ಮುಗಿಯಿತು, ಭಾನುವಾರ ಬರುತ್ತೇನೆ, ಅಷ್ಟರೊಳಗೆ ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡು" ಎಂದು ಬರೆದಿದ್ದೀರಿ. ಅದಕ್ಕೇ ಈ ಪತ್ರ.

ಕಳೆದ ತಿಂಗಳು ಗುಮಾಸ್ತನಿಗೆ ಮತ್ತೆ ಹಾಗೇ ಆಯಿತು. (ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ತಪಾಸಣೆ ಮಾಡುತ್ತದೆಂದು ಆ ಹೆಸರಿಟ್ಟವರು ನೀವೇ.) ಕತ್ತು ಮುಂದಕ್ಕೆ ಚಾಚಿ, ಮುಂಗಾಲು ಅಗಲಿಸಿ ನಿಂತು ಒಂದೇ ಸಮನೆ ಕೆಮ್ಮು, ಉಸಿರು ಬಿಡುವಾಗ ಸಿಳ್ಳೆಯಂಥ ಸದ್ದು, ವಸಡು ನೀಲಿಗಟ್ಟಿತ್ತು. ಮೊದಲೆಲ್ಲ ನೀವು "ಮತ್ತೆ ಮೂಳೆ ಹಾಕಿದ್ಯಾ? ಒಂದು ನಾಯಿ ಸಾಕೋ ಯೋಗ್ಯತೆ ಇಲ್ಲ ನಿಂಗೆ" ಎನ್ನುತ್ತ ಅದರ ಬಾಯಿ ಬಿಡಿಸಿ ಬೆರಳು ತೂರುತ್ತಿದ್ದಿರಿ. ನಿಮ್ಮ ಅಕ್ಕ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದರು. ಮೂಳೆ ಕೊಟ್ಟಿಲ್ಲ ಎಂದರೆ ನಂಬಿದವರಿಲ್ಲ. ಕೊನೆಕೊನೆಗೆ ನನಗೇ ಅನುಮಾನ ಬಂದು ಕಸದ ಬುಟ್ಟಿ ಕೆದಕಿ ನೋಡುತ್ತಿದ್ದೆ.

ಈ ಸಲ ಬೆರಳು ಹಾಕುವವರು ಇರಲಿಲ್ಲ. ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ಆಮ್ಲಜನಕ ಕೊಟ್ಟರು, ಎಕ್ಸ್‌ರೇ ತೆಗೆದರು, ಹೃದಯ ನೋಡಿದರು. "ಗಂಟಲಲ್ಲಿ ಏನೂ ಸಿಕ್ಕಿಲ್ಲಮ್ಮ. ಇದು ಆಸ್ತಮಾ ಥರದ್ದು, ಉಸಿರಿನ ನಾಳ ಬಿಗಿದುಕೊಳ್ಳುತ್ತೆ. ಮನೇಲಿ ಏನು ವಾಸನೆ ಇದೆ?" ಎಂದರು. ಏನೂ ಇಲ್ಲ ಎಂದೆ. ಅವರು ನನ್ನ ಕೈಚೀಲ ಮೂಸಿ, "ಪಾಲಿಶ್ ವಾಸನೆ. ನಿಮಗೆ ಅಭ್ಯಾಸ ಆಗಿಹೋಗಿದೆ, ಅಷ್ಟೆ" ಎಂದರು. ಮನೆ ತಲುಪುವವರೆಗೂ ನನ್ನ ಕಿವಿಯಲ್ಲಿ ಅದೇ ಮಾತು.

ಮುಂದಿನ ಕೋಣೆಯಲ್ಲಿದ್ದ ನಿಮ್ಮ ಪಾಲಿಶ್ ಡಬ್ಬಿಗಳನ್ನು ಅಂದೇ ಹೊರಗೆ ಸಾಗಿಸಿದೆ. ಧೂಳೇಳದ ಹಾಗೆ ನೆಲವನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತೇನೆ. ಕೊರಳಪಟ್ಟಿ ಬಿಚ್ಚಿ ಎದೆಗೆ ಕಟ್ಟುವಂಥದ್ದು ತಂದಿದ್ದೇನೆ. ಬೆಳಿಗ್ಗೆ, ಸಂಜೆ ಮೂತಿಗೆ ಮಾಸ್ಕ್ ಹಿಡಿದು ಔಷಧದ ಪಂಪು ಒತ್ತಬೇಕು. ಮೊದಮೊದಲು ಮಂಚದಡಿ ನುಗ್ಗುತ್ತಿತ್ತು. ಬರೀ ಮಾಸ್ಕಿನೊಳಗೆ ತಿಂಡಿ ಇಟ್ಟು ಪಳಗಿಸಿದೆ. ಈಗ ತಾನೇ ಮೂತಿ ತೂರಿಸಿ, ಕಚೇರಿಯಲ್ಲಿ ಸಹಿಗೆ ಕಾದವರ ಹಾಗೆ ಕಾಯುತ್ತದೆ. ಚೆನ್ನಾಗಿದೆಯೆಂದು ಔಷಧ ನಿಲ್ಲಿಸಬಾರದಂತೆ. "ಪೂರ್ತಿ ವಾಸಿ ಆಗೋದಲ್ಲ ಇದು. ಆಗದೇ ಇರೋದನ್ನ ದೂರ ಇಟ್ಟರೆ ಆರಾಮಾಗಿ ಬದುಕುತ್ತೆ" ಎಂದರು ಡಾಕ್ಟರು.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಕೆಲಸ ಮಾಡುವಾಗ ಕಿಟಕಿ ತೆರೆದಿಡಿ.

ಇಂತಿ,
ನಾಯಿ ಸಾಕುವ ಯೋಗ್ಯತೆ ಇಲ್ಲದವಳು

ಹೇಳಲು ಮರೆತೆ: ಡಬ್ಬಿಗಳು, ಬ್ರಷ್ಷುಗಳು, ನಿಮ್ಮ ಬಟ್ಟೆಯ ಪೆಟ್ಟಿಗೆ ಎಲ್ಲವೂ ನಿಮ್ಮ ಅಕ್ಕನ ಮನೆಯಲ್ಲಿವೆ. ಭಾನುವಾರ ನೇರವಾಗಿ ಅಲ್ಲಿಗೇ ಹೋಗಿ.