ಅಕ್ಕನ ಕೋಣೆಯ ಕಂಪ್ಯೂಟರ್

ಕೊಲೊವಾಯ್, ಟೊಂಗಾ
ಆಗಸ್ಟ್ 14, ಸೋಮವಾರ

ಪ್ರೀತಿಯ ಕಾಲೊಲೈನೆ,

ನೀನು, ನಿನ್ನ ಯಜಮಾನರು, ಅಂಗಳದ ಹಂದಿಮರಿಗಳು ಎಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆದಿಲ್ಲ. ನಿಮ್ಮ ದ್ವೀಪಕ್ಕೆ ಹಡಗು ಹೊರಡುವುದೇ ತಿಂಗಳಿಗೊಮ್ಮೆ, ಅದೂ ಎಂಜಿನ್ ಕೆಟ್ಟು ಬಂದರಿನಲ್ಲೇ ಕೂತಿತ್ತು ಎಂದು ನೆಪ ಹೇಳಬಹುದು. ಆದರೆ ಹಡಗು ಹೊರಟಾಗಲೂ ನಾನು ಬರೆಯಲಿಲ್ಲ. ಚೆನ್ನಾಗಿ ಬೈದುಕೋ, ಆಮೇಲೆ ಮುಂದೆ ಓದು.

ನಮ್ಮ ಮನೆಯಲ್ಲಿ ವಾರದಿಂದ ಒಂದೇ ಸುದ್ದಿ. ಮಗಳು ಲೆಸಿಯೇಲಿ ತಾನೇ ಒಂದು ಕಂಪ್ಯೂಟರ್ ಜೋಡಿಸಿದಳು, ಅದು ಶುರುವಾಗಲಿಲ್ಲ. ಆಕ್ಲೆಂಡಿನ ಕಂಟ್ರಾಕ್ಟರ್ ಒಬ್ಬರಿಗೆ ಮನೆಗಳ ನಕ್ಷೆ ಬರೆದುಕೊಡುವ ಕೆಲಸ ಅವಳಿಗೆ ಸಿಕ್ಕಿದೆ. ಇಲ್ಲೇ ಕೂತು ಮಾಡಬಹುದು, ಆದರೆ ಹಳೆಯ ಲ್ಯಾಪ್‌ಟಾಪ್ ಆ ನಕ್ಷೆಗಳ ಭಾರ ತಡೆಯುವುದಿಲ್ಲವಂತೆ. ಇವತ್ತು ಬೆಳಿಗ್ಗೆ ಕೆಲಸ ಆರಂಭಿಸಲೇಬೇಕಿತ್ತು. ಆಗದಿದ್ದರೆ ಅವಳು ಆಕ್ಲೆಂಡಿಗೇ ಹೋಗಿ ಅವರ ಆಫೀಸಿನಲ್ಲಿ ಕೂರಬೇಕು. ಹಾಗೆ ಹೋದವರಲ್ಲಿ ಎಷ್ಟು ಜನ ತಿರುಗಿ ಬಂದಿದ್ದಾರೆ, ನೀನೇ ಹೇಳು. ಅವಳು ಹೋಗುವುದು ನನಗೆ ಬೇಡವಾಗಿತ್ತು. ಅವಳಿಗೂ ಬೇಡವಾಗಿತ್ತು.

ಬಿಡಿಭಾಗಗಳೆಲ್ಲ ಆಕ್ಲೆಂಡಿನ ನೆಂಟರು ಕಳಿಸಿದ ಡ್ರಮ್ಮಿನಲ್ಲಿ ಬಂದವು, ಟವೆಲ್ಲುಗಳಲ್ಲಿ ಸುತ್ತಿಕೊಂಡು, ಡಬ್ಬಿ ಮಾಂಸದ ನಡುವೆ. ಲೆಸಿಯೇಲಿ ಅವನ್ನು ಕೋಣೆಯಲ್ಲಿ ಮಂಚದ ಮೇಲೆ ಹರಡಿ, ಫೋನಿನಲ್ಲಿ ವಿಡಿಯೋ ನೋಡುತ್ತ ಜೋಡಿಸಿದಳು. ಬಟನ್ ಒತ್ತಿದಾಗ ದೀಪ ಹತ್ತಿತು, ಫ್ಯಾನ್ ತಿರುಗಿತು, ಸ್ಕ್ರೀನ್ ಮಾತ್ರ ಕಪ್ಪಗೇ ಇತ್ತು. ಗಾಳಿ ಚೆನ್ನಾಗಿ ಬರುತ್ತಿದೆಯಲ್ಲ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಸುಮ್ಮನೆ ಹೊರಗೆ ಬಂದೆ.

ಫಿಲಿಮೋನೆ ಇದ್ದಾನಲ್ಲ ಎಂದು ನೀನು ಕೇಳುತ್ತೀಯ. ಇದ್ದಾನೆ. ಮಗ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲೇ ಕೆಲಸ ಮಾಡುವುದು. ಆದರೆ ಈ ಕಂಪ್ಯೂಟರ್ ಇದ್ದದ್ದು ಅಕ್ಕನ ಕೋಣೆಯಲ್ಲಿ, ಅಕ್ಕನ ಮಂಚದ ಪಕ್ಕ. ಅಕ್ಕತಂಗಿಯರ ಕೋಣೆಗೆ ಗಂಡುಮಕ್ಕಳು ಕಾಲಿಡುವಂತಿಲ್ಲವಲ್ಲ, ಮೀಸೆ ಚಿಗುರಿದ ಮೇಲೆ ಅವನು ಆ ಹೊಸಿಲು ದಾಟಿಲ್ಲ. ನಿನ್ನ ಮಕ್ಕಳೂ ಹಾಗೇ ಅಲ್ಲವೆ. ಹಾಲಿಗೆ ತಂದಿಡೋಣ ಎಂದೆ. "ಅಕ್ಕನ ವಸ್ತು ಅಮ್ಮ, ನಾನು ಬಿಚ್ಚಿ ನೋಡೋದು ಹೇಗೆ? ಅದೂ ಅತ್ತೆ ಎದುರಿಗೆ" ಎಂದ. ಅತ್ತೆ ಎಂದರೆ ನನ್ನ ಗಂಡನ ಅಕ್ಕ ಪೀಸಿಲ. ಎರಡು ತಿಂಗಳಿಂದ ನಮ್ಮಲ್ಲೇ ಇದ್ದಾರೆ, ಹಾಲಿನಲ್ಲಿ ಕೂತು ಚಾಪೆ ಹೆಣೆಯುತ್ತಾರೆ. ಅವರ ಮಾತಿಗೆ ಎದುರಿಲ್ಲ. ನನ್ನ ಗಂಡನೇ ಅವರ ಮುಂದೆ ದನಿ ತಗ್ಗಿಸುವಾಗ ನನ್ನದೇನು ಲೆಕ್ಕ.

ಹೀಗಾಗಿ ನಾನು ಅಂಚೆಯವಳಾದೆ. ಮಗ ಅಂಗಡಿಯಿಂದ ಬಂದು ಹಿತ್ತಿಲ ಅಡುಗೆಮನೆಯ ಮೆಟ್ಟಿಲ ಮೇಲೆ ಕೂರುವುದು, ಮಗಳು ಕೋಣೆಯಲ್ಲಿ, ನಡುವೆ ನನ್ನ ಓಡಾಟ.

"ಬೀಪ್ ಅಂತ ಸದ್ದು ಬರುತ್ತಾ ಕೇಳಮ್ಮ."

"ನಿಮ್ಮತ್ತೆ ಗೊಣಗೋ ಸದ್ದು ಬಿಟ್ರೆ ಬೇರೇನೂ ಇಲ್ಲ" ಎಂದು ಹೋಗಿ ಬಂದು ಹೇಳಿದೆ.

ಅವನು ಕಾಲುಬೆರಳು ನೋಡುತ್ತ ಹೇಳಿದ: "ಅಕ್ಕ ಬಹಳ ಚೆನ್ನಾಗೇ ಜೋಡಿಸಿದ್ದಾಳೆ. ಆ ಮೆಮೊರಿ ಪಟ್ಟಿ ಇದೆಯಲ್ಲ, ಅದು ಪೂರ್ತಿ ಕೂತಿದ್ಯಾ ಅಂತ ಒಂದು ಸಲ ನೋಡಿದ್ರೆ ಒಳ್ಳೇದೇನೋ."

ಹೋಗಿ ಕೇಳಿದೆ. "ಕೂತಿದೆ" ಎಂದಳು. ಬಂದು ಹೇಳಿದೆ. "ಹಾಗಾದ್ರೆ ಕೂತಿದೆ" ಎಂದ.

ಅಲ್ಲಿಂದ ಮೂರು ದಿನ ಮಿಕ್ಕಿದ್ದನ್ನೆಲ್ಲ ಪರೀಕ್ಷೆ ಮಾಡಿದೆವು. ವೈರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದಳು, ಪ್ಲಗ್ ಬೇರೆ ಗೋಡೆಗೆ ಹಾಕಿದಳು, ಪಕ್ಕದ ಮನೆಯ ಸ್ಕ್ರೀನ್ ತಂದು ನೋಡಿದಳು. ನನ್ನ ಮೊಣಕಾಲು ಊದಿತು. ಪೀಸಿಲ ಅತ್ತಿಗೆ ಕೈಯ ಕೆಲಸ ನಿಲ್ಲಿಸದೆ, "ದೇವರಿಗೆ ಇಷ್ಟ ಇದ್ದಿದ್ರೆ ಅದನ್ನ ಜೋಡಿಸಿಯೇ ಕಳಿಸ್ತಿದ್ದ" ಎಂದರು.

ಶನಿವಾರ ಮಧ್ಯಾಹ್ನ ನನಗೆ ಸಾಕಾಯಿತು. ಭಾನುವಾರ ದೇವರ ದಿನ, ಸ್ಕ್ರೂ ಕೂಡ ಮುಟ್ಟುವಂತಿಲ್ಲ. "ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದು ಸಾಕು, ಏನಾಗಿದೆ ಅಂತ ನೇರವಾಗಿ ಹೇಳೋ" ಎಂದೆ.

"ಮೆಮೊರಿ ಪಟ್ಟಿನೇ ಅಮ್ಮ. ಮೊದಲ ದಿನವೇ ಅನ್ನಿಸಿತ್ತು. ಹೊಸದಾಗಿ ಜೋಡಿಸೋರು ಮುರಿದೀತು ಅಂತ ಹೆದರಿ ಪೂರ್ತಿ ಒತ್ತಲ್ಲ."

"ಮತ್ತೆ ಬಾಯಲ್ಲೇನು ಕಡುಬಿತ್ತಾ?"

"ಅಕ್ಕ ಕೂತಿದೆ ಅಂದಳಲ್ಲ. ಇಲ್ಲ ಅನ್ನೋಕೆ ನಾನ್ಯಾರು?"

ಮಗಳಿಗೆ ಹೇಳಿದೆ. ಪ್ಲಗ್ ಕಿತ್ತು, ನನ್ನೆದುರಿಗೇ ಒತ್ತಿದಳು. ಪಟ್ಟಿಯ ಕೆಳಗಿನ ಹಲಗೆ ಬಾಗಿದಂತಾಗಿ ಕೈ ಹಿಂದೆಗೆದಳು. "ಇನ್ನೂ ಒತ್ತಿದ್ರೆ ಸೀಳಿಹೋಗುತ್ತೆ. ಎಷ್ಟು ಒತ್ತಬೇಕಂತೆ ಕೇಳಮ್ಮ." ಕೇಳಿದೆ. ಎಷ್ಟು ಎಂಬುದನ್ನು ಬಾಯಲ್ಲಿ ಹೇಳಲಾಗದೆ ಅವನು ಹೆಬ್ಬೆರಳಿನಿಂದ ನನ್ನ ಭುಜ ಒತ್ತಿ ತೋರಿಸಿದ. ಅದನ್ನು ಮರೆಯುವ ಮುಂಚೆ ಓಡಿಹೋಗಿ ಅವಳ ಭುಜ ಒತ್ತಿದೆ.

"ಅವನು ಇಷ್ಟು ಒತ್ತಿದ್ನಾ, ಇಲ್ಲಾ ಇದರಲ್ಲಿ ನಿನ್ನ ಸಿಟ್ಟೂ ಸೇರಿದ್ಯಾ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿ ಧೂಳು ಒರೆಸತೊಡಗಿದಳು.

ನನಗೆ ಅದನ್ನು ನೋಡಲಾಗಲಿಲ್ಲ. ಹಾಲಿಗೆ ಬಂದು, "ಫಿಲಿಮೋನೆ, ಒಳಗೆ ಬಾ. ನೀನೇ ಮಾಡು" ಎಂದು ಕೂಗಿದೆ.

ಅತ್ತಿಗೆಯ ಕೈ ನಿಂತಿತು. "ಏನು ಹೇಳ್ತಿದ್ದೀಯ ಗೊತ್ತಾ, ಸುಲಿಯೇತಿ? ಇವರಪ್ಪ ಇವತ್ತಿನವರೆಗೂ ನನ್ನ ಕೋಣೆಗೆ ಕಾಲಿಟ್ಟಿಲ್ಲ."

"ಗೊತ್ತು ಅತ್ತಿಗೆ. ಇವನು ಇಡ್ತಾನೆ."

ಮದುವೆಯಾಗಿ ಬಂದ ಮೇಲೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಚಾಪೆಯನ್ನು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತರು. "ನನ್ನ ಕಣ್ಣು ಕೆಲಸದ ಮೇಲಿದೆ. ನಾನೇನೂ ನೋಡಿಲ್ಲ" ಎಂದರು.

ಫಿಲಿಮೋನೆ ತಕ್ಷಣ ಬರಲಿಲ್ಲ. ಬಂದಾಗ ಚಡ್ಡಿಯ ಮೇಲೆ, ಚರ್ಚಿಗೆ ಹೊರಟವನ ಹಾಗೆ, ಮರ್ಯಾದೆಗೆಂದು ಸೊಂಟಕ್ಕೆ ಚಾಪೆ ಸುತ್ತಿಕೊಂಡಿದ್ದ. ನೆಲ ನೋಡುತ್ತಲೇ ಒಳಗೆ ಹೋದ. ಲೆಸಿಯೇಲಿ ಕಿಟಕಿಯ ಹತ್ತಿರ ಸರಿದು ನಿಂತಳು. ಅವನು ಎರಡು ಹೆಬ್ಬೆರಳು ಇಟ್ಟು ಒತ್ತಿದ. ಟಕ್ ಎಂದಿತು. ಪ್ಲಗ್ ಹಾಕಿ ಬಟನ್ ಒತ್ತಿದ ಮೇಲೆ ಸ್ಕ್ರೀನಿನಲ್ಲಿ ಅಕ್ಷರಗಳು ಬಂದವು.

"ಅಷ್ಟು ಜೋರಾಗಾ?" ಎಂದಳು.

"ಹೂಂ. ಬಾಕಿ ಎಲ್ಲ ನೀನು ಸರಿಯಾಗೇ ಮಾಡಿದ್ದೆ" ಎಂದು ನೆಲಕ್ಕೇ ಹೇಳಿದ.

"ಸುಳ್ಳು ಹೇಳ್ಬೇಡ."

ಇಬ್ಬರೂ ನಕ್ಕರು. ನಾನು ಬಾಗಿಲಲ್ಲೇ ನಿಂತಿದ್ದೆ. ಸಂತೋಷವಾಯಿತು. ಇವತ್ತು ಬೆಳಿಗ್ಗೆಯಿಂದ ಅವಳು ಕೆಲಸ ಮಾಡುತ್ತಿದ್ದಾಳೆ. ಅತ್ತಿಗೆ ನನ್ನ ಹತ್ತಿರ ಉಪ್ಪು ಬೇಕೇ ಬೇಡವೇ ಎಂಬಷ್ಟೇ ಮಾತಾಡುತ್ತಾರೆ. ಇರಲಿ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಗೆಣಸು ಚೆನ್ನಾಗಿ ಬೆಳೆಯಲಿ, ನಿಮ್ಮ ಕಡಲು ಶಾಂತವಾಗಿರಲಿ.

ನಿನ್ನ
ಸುಲಿಯೇತಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ರೇಡಿಯೋದ ಸಾವಿನ ಸುದ್ದಿಗಳಲ್ಲಿ ನೀನು ಕೇಳಿರದಿದ್ದರೆ ನನ್ನಿಂದಲೇ ಕೇಳು. ನನ್ನ ತಮ್ಮ ಸಿಯೋಸಿಫಾ ಜೂನ್‌ನಲ್ಲಿ ತೀರಿಕೊಂಡ. ಅಕ್ಕನಾದ್ದರಿಂದ ಮಣ್ಣು ಮಾಡುವ ತನಕ ಅವನ ತಲೆಯ ಬಳಿ ಕೂರುವ ಹಕ್ಕು ನನ್ನದು, ಕೂತಿದ್ದೆ. ಮೀಸೆ ಚಿಗುರಿದ ಮೇಲೆ ಅವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಬಲ ಹುಬ್ಬಿನಲ್ಲಿ ಹೊಲಿಗೆ ಹಾಕಿದ ಒಂದು ಗಾಯದ ಗುರುತಿತ್ತು. ಯಾವಾಗ ಆದದ್ದು ಎಂದು ಅವನ ಹೆಂಡತಿಯನ್ನು ಕೇಳಿದೆ. "ಮದುವೆಗೆ ಮುಂಚೆನೇ ಇತ್ತು, ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ" ಎಂದಳು.