ಮೊದಲ ಸಾಲಿನ ಜಾಗ

ಹಿರೋಳ್ಳಿ
೧೪-೩-೧೯೮೮

ಅವ್ವಾ, ನಿನ್ನ ಮಗಳು ಶಿವಕಾಂತಾಳ ಶರಣು. ಸಿಟ್ಟಿದ್ದರೆ ಇರಲಿ, ಪತ್ರ ಮಾತ್ರ ಪೂರ್ತಿ ಓದಿಸಿಕೊ.

ನೀನು ಬೇಡವೆಂದದ್ದನ್ನೇ ಮಾಡಿದ್ದೇನೆ. ಅಪ್ಪ ಕಟ್ಟಿದ ಭಜನಾ ಮೇಳದ ಕ್ಯಾಸೆಟ್ ಸೊಲ್ಲಾಪುರದಲ್ಲಿ ರೆಕಾರ್ಡ್ ಆಯಿತು. ಅಪ್ಪ ತೀರಿದ ಮೇಲೆ ನೀನು ಜೇವರ್ಗಿಯ ಸೋದರಮಾವನ ಮನೆ ಸೇರಿ, ಅಲ್ಲಿಂದ ಹೇಳಿ ಕಳಿಸಿದ ಮಾತು ಮರೆತಿಲ್ಲ: “ಅವರ ದನಿ ಹೋತು, ಮೇಳಾನೂ ಹೋತು. ಇನ್ನ ಯಾರೂ ಹಾಡಬ್ಯಾಡ್ರಿ.” ಯಾಕೆ ಹಾಡಬಾರದು? ಊರಲ್ಲಿ ಯಾರೇ ತೀರಲಿ, ಹೆಣದ ಮುಂದೆ ಕೂತು ಬೆಳಗಿನವರೆಗೆ ಹಾಡಿದವನು ಅಪ್ಪ. ಅವನೇ ತೀರಿದಾಗ ಒಬ್ಬರೂ ಬಾಯಿ ತೆರೆಯಲಿಲ್ಲ. ಮೊದಲ ಸಾಲು ಎತ್ತಿಕೊಡುವವನೇ ಮಲಗಿದ್ದ, ಹಿಂದೆ ಹೇಳುವವರು ಸುಮ್ಮನೆ ಕೂತುಬಿಟ್ಟರು. ಆ ನಾಚಿಕೆ ನನ್ನನ್ನು ಇವತ್ತಿಗೂ ಸುಡುತ್ತದೆ.

ಸೊಲ್ಲಾಪುರಕ್ಕೆ ಹೊರಟಾಗ ಗುರಣ್ಣ ಕಾಕಾ ಬಾಗಿಲಿಗೆ ಅಡ್ಡ ನಿಂತ. “ಅಣ್ಣ ಹೋಗಿ ವರ್ಷ ತುಂಬಿಲ್ಲ. ಹೆಣ್ಣಮಗಳು ನೀ ಮುಂದ ಕುಂತು ಹಾಡ್ತೀ ಏನ್ ಬೇ?” ಎಂದ. ಶ್ರಾವಣದ ಪುರಾಣದಲ್ಲಿ ಲಿಂಗವಂತರಿಗೆ ಸೂತಕವಿಲ್ಲ ಎಂದಾಗ ಎಲ್ಲರಿಗಿಂತ ಜೋರಾಗಿ ತಲೆಯಾಡಿಸುವವನು ಅವನೇ. ಅದನ್ನೇ ನೆನಪಿಸಿದೆ. ಗೊಣಗುತ್ತ ಸರಿದ.

ಸೊಲ್ಲಾಪುರದ ಕ್ಯಾಸೆಟ್ಟಿನವರು ಅಪ್ಪನ ಜಾಗಕ್ಕೆ ಪೇಟೆಯ ಗಾಯಕನೊಬ್ಬನನ್ನು ಕೂರಿಸಲು ನೋಡಿದರು. ಕರೀಮಸಾಬ ಕಾಕಾ ತಮ್ಮ ತಬಲಾ ಗಂಟು ಕಟ್ಟತೊಡಗಿದರು: “ಜಗದೇವಪ್ಪನ ಮಗಳು ಹಾಡಿದ್ರ ಬಾರಸ್ತೇನಿ. ಇಲ್ಲಂದ್ರ ನನಗ ಬಸ್ಸಿಗಿ ಹೊತ್ತಾಗ್ತದ.” ಹಾಡಿದೆ ಅವ್ವಾ. ಅಪ್ಪನ ಹಾಗೆ ಹಾಡಲಿಲ್ಲ, ನನ್ನ ಹಾಗೆ ಹಾಡಿದೆ.

ಊರು ಬೈದರೆ ಬೈಯಲಿ. ಬರುವ ಅಮಾವಾಸ್ಯೆಗೆ ಗುಡಿಯಲ್ಲಿ ಮತ್ತೆ ಭಜನೆ ಕೂರಿಸುತ್ತೇನೆ. ನೀನು ಬರಬೇಕು.

ನಿನ್ನ ಮಾತು ಕೇಳದ ಮಗಳು,
ಶಿವಕಾಂತಾ

ತಾ.ಕ.: ಕೊನೆಯ ಹಾಡಿಗೆ ತಬಲಾ ಇಲ್ಲ. ನಮ್ಮನೆಯ ಪರಾತ ಹೊತ್ತೊಯ್ದು, ಅದರಲ್ಲೇ ಜೋಳದ ಹಿಟ್ಟು ನಾದಿ, ತಾಳಕ್ಕೆ ರೊಟ್ಟಿ ಬಡಿದೆ. ಅಲ್ಲಿಯವರು ಬಿದ್ದು ಬಿದ್ದು ನಕ್ಕರು. ನಗಲಿ. ಊರೆಲ್ಲ ಅಪ್ಪನವು ಎನ್ನುವ ಹಾಡುಗಳನ್ನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕಟ್ಟಿದವಳು ನೀನು. ಪಡಸಾಲೆಯಲ್ಲಿ ಕೂತು ಅಪ್ಪ ಅವನ್ನು ಕಲಿಯುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಕೊನೆಯ ಹಾಡಿನ ಮೊದಲ ಸಾಲನ್ನು ನಾನು ಹೇಳಿಲ್ಲ, ನಿನಗೆ ಜಾಗ ಬಿಟ್ಟಿದ್ದೇನೆ. ಕರೀಮಸಾಬ ಕಾಕಾನ ಕೈಯಲ್ಲಿ ಕ್ಯಾಸೆಟ್ ಕಳಿಸಿದ್ದೇನೆ, ಮಾವನ ಟೇಪಿಗೆ ಹಾಕು. ಆ ಜಾಗ ಬಂದಾಗ ಬಾಯಿ ಮುಚ್ಚಿಕೊಂಡು ಕೂತಿರು ನೋಡೋಣ.